ಫ್ಯಾಂಟಸಿ ತಂಡದ ಮಾಲೀಕತ್ವ: ಕೈ ಬದಲಾದರೆ ಚರಿತ್ರೆ ಯಾರದು?

ಈ ಸಂಚಿಕೆಯ ಕ್ರೀಡಾ ಪ್ರಶ್ನೋತ್ತರಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಡೀ ಅಂಕಣವನ್ನು ಫ್ಯಾಂಟಸಿ ಬೇಸ್‌ಬಾಲ್ ತಂಡಗಳ ಮಾಲೀಕತ್ವಕ್ಕೇ ಮೀಸಲಿಟ್ಟಿದ್ದೇವೆ. ಅಮೆರಿಕದ ಸಹೋದ್ಯೋಗಿಗಳ ಒಡನಾಟದಿಂದ ಬೇಸ್‌ಬಾಲ್‌ನ ರುಚಿ ಹತ್ತಿಸಿಕೊಂಡ ಬೆಂಗಳೂರಿನ ಓದುಗರು ತಮ್ಮ ತಮ್ಮಲ್ಲೇ ಇಂಥ ಲೀಗುಗಳನ್ನು ನಡೆಸುತ್ತಿದ್ದಾರೆ. ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಹತ್ತು ಹನ್ನೆರಡು ಮಂದಿ ಸೇರಿ, ಅಮೆರಿಕದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ನಿಜವಾಗಿ ಆಡುವ ಆಟಗಾರರನ್ನು ಹರಾಜಿನಿಂದಲೋ, ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಿಂದಲೋ ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಆ ಆಟಗಾರರು ಮೈದಾನದಲ್ಲಿ ಹೊಡೆದ ಹೋಂ ರನ್, ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಓಡಿ ದಕ್ಕಿಸಿಕೊಂಡ ಮುಂದಿನ ನೆಲೆ), ಗೆದ್ದ ಪಂದ್ಯಗಳ ಲೆಕ್ಕದ ಮೇಲೆ ಇವರ ತಂಡಗಳ ಸ್ಥಾನ ನಿರ್ಧಾರವಾಗುತ್ತದೆ. ಕೀಪರ್ ಲೀಗಿನಲ್ಲಿ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹೀಗೆ ತಂಡ ವರ್ಷದಿಂದ ವರ್ಷಕ್ಕೆ ಮುಂದುವರಿಯುವುದರಿಂದಲೇ ಅದಕ್ಕೊಂದು ಚರಿತ್ರೆ ಹುಟ್ಟುತ್ತದೆ, ಮಾಲೀಕರು ಬದಲಾದಾಗ ತಕರಾರೂ ಹುಟ್ಟುತ್ತದೆ.

ಪ್ರಶ್ನೆ: ಮಾನ್ಯರೇ, ನಮ್ಮ ಕಚೇರಿಯ ಹಳೆಯ, ಹೊಸ ಸಹೋದ್ಯೋಗಿಗಳು ಸೇರಿ 2014ರಿಂದ ಹನ್ನೆರಡು ತಂಡಗಳ ಕೀಪರ್ ಲೀಗ್ ನಡೆಸುತ್ತಿದ್ದೇವೆ. ಬರುವ ಋತುವಿಗೆ ಒಂದು ತಂಡವನ್ನು ನಾನು ವಹಿಸಿಕೊಂಡಿದ್ದೇನೆ. ನಾನು ಅದರ ನಾಲ್ಕನೆಯ ಮಾಲೀಕ. ಮೊದಲನೆಯವರು ಎರಡು ಸಲ ಪ್ರಶಸ್ತಿ ಗೆದ್ದು, ಕೆಲಸದ ನಿಮಿತ್ತ ಪರದೇಶಕ್ಕೆ ಹೋದರು. ಎರಡನೆಯವರು ಋತುವಿನ ನಡುವೆಯೇ ತಂಡವನ್ನು ಕೈಬಿಟ್ಟಿದ್ದರಿಂದ ಕೊನೆಯ ವಾರಗಳಲ್ಲಿ ಲೀಗಿನ ಆಡಳಿತ ಹೊತ್ತ ಕಮಿಷನರ್ ಅದನ್ನು ನೋಡಿಕೊಂಡರು. ಮೂರನೆಯವರು ತಂಡದ ಹೆಸರನ್ನೇ ಬದಲಿಸಿದರು. ಈಗ ಲೀಗಿನ ದಾಖಲೆ ಪುಸ್ತಕ ಸಿದ್ಧವಾಗುತ್ತಿದ್ದು, ಹೆಸರು ಬದಲಾದ ಮೇಲೆ ಹಳೆಯ ಪ್ರಶಸ್ತಿಗಳು ಈ ತಂಡಕ್ಕೆ ಸೇರುವುದಿಲ್ಲವೆಂದು ಕೆಲವರು ವಾದಿಸುತ್ತಿದ್ದಾರೆ. ಆ ಪ್ರಶಸ್ತಿಗಳು ಯಾರವು? (ಬನಶಂಕರಿಯ ಓದುಗರು)

ಉತ್ತರ: ಪ್ರಶಸ್ತಿಗಳು ತಂಡದವು, ಗೆದ್ದ ಕೀರ್ತಿ ಮೊದಲ ಮಾಲೀಕರದು. ಎರಡನ್ನೂ ಬರೆಯಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ದಾಖಲೆ ಸುಳ್ಳಾಗುತ್ತದೆ.

ಹೆಸರು ಬದಲಾಯಿತೆಂಬ ಒಂದೇ ಕಾರಣಕ್ಕೆ ಚರಿತ್ರೆ ಕಡಿದುಹೋಗುವುದಿಲ್ಲ ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆಗಳಿವೆ. ಡೆಲ್ಲಿ ಡೇರ್‌ಡೆವಿಲ್ಸ್ ತಂಡದ ಅರ್ಧ ಪಾಲು 2018ರಲ್ಲಿ ಜಿಎಂಆರ್ ಸಂಸ್ಥೆಯಿಂದ ಜೆಎಸ್‌ಡಬ್ಲ್ಯು ಸಂಸ್ಥೆಯ ಕೈಗೆ ಬಂದಿತು, ಅದೇ ವರ್ಷದ ಕೊನೆಗೆ ತಂಡ ಡೆಲ್ಲಿ ಕ್ಯಾಪಿಟಲ್ಸ್ ಎನಿಸಿಕೊಂಡಿತು. 2008ರಿಂದ ಆಡಿದ ಪಂದ್ಯಗಳೆಲ್ಲವೂ ಇಂದಿಗೂ ಅದೇ ತಂಡದ ಲೆಕ್ಕದಲ್ಲಿವೆ. ನಮ್ಮ ಆರ್‌ಸಿಬಿ 2024ರ ಮಾರ್ಚ್‌ನಲ್ಲಿ ಬ್ಯಾಂಗಲೂರ್ ಹೋಗಿ ಬೆಂಗಳೂರು ಆದಾಗ, ಅದರ ಹಿಂದಿನ ಸೋಲು ಗೆಲುವುಗಳನ್ನು ಅಳಿಸಬೇಕೆಂದು ಯಾರೂ ಹೇಳಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹೈದರಾಬಾದಿನದು. 2009ರ ಐಪಿಎಲ್ ಪ್ರಶಸ್ತಿಯನ್ನು ಗೆದ್ದದ್ದು ಡೆಕ್ಕನ್ ಚಾರ್ಜರ್ಸ್. ಜೊಹಾನ್ಸ್‌ಬರ್ಗ್‌ನ ಆ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಪಡೆದೂ ಬೆಂಗಳೂರು 6 ರನ್‌ಗಳಿಂದ ಸೋತದ್ದು ನಮ್ಮ ಓದುಗರಿಗೆ ಮರೆತಿರಲಾರದು. 2012ರಲ್ಲಿ ಆ ಫ್ರಾಂಚೈಸಿಯನ್ನು ರದ್ದು ಮಾಡಿ, ಅದೇ ನಗರಕ್ಕೆ ಹೊಸದಾಗಿ ಬಿಡ್ ಕರೆಯಲಾಯಿತು. ಸನ್ ಟಿವಿ ಸಮೂಹ ಪಡೆದ ಸನ್‌ರೈಸರ್ಸ್ ಹೊಸ ತಂಡವಾದ್ದರಿಂದ 2009ರ ಪ್ರಶಸ್ತಿ ಅದರ ಖಾತೆಗೆ ಬರಲಿಲ್ಲ. 2016ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗೆದ್ದ ಪ್ರಶಸ್ತಿಯೇ ಅದರ ಮೊದಲನೆಯದು. ಊರು ಒಂದೇ, ಕೆಲವು ಆಟಗಾರರೂ ಅವರೇ, ಆದರೆ ಹಕ್ಕು ಮತ್ತು ಹೊಣೆಯ ಎಳೆ ನಡುವೆ ತುಂಡಾಗಿತ್ತು.

ಆದ್ದರಿಂದ ನಿಮ್ಮ ಲೀಗಿನವರು ಕೇಳಿಕೊಳ್ಳಬೇಕಾದದ್ದು ಹೆಸರಿನ ಪ್ರಶ್ನೆಯನ್ನಲ್ಲ. ಮೂರನೆಯ ಮಾಲೀಕರು ಬಂದಾಗ ಹಿಂದಿನವರ ಆಟಗಾರರ ಪಟ್ಟಿ ಅವರಿಗೆ ಸಿಕ್ಕಿತೇ? ಹಿಂದಿನವರು ಮಾಡಿಕೊಂಡ ಟ್ರೇಡ್‌ಗಳಿಗೆ, ಅಂದರೆ ಬೇರೆ ತಂಡಗಳೊಂದಿಗಿನ ವಿನಿಮಯಗಳಿಗೆ, ಅವರು ಬದ್ಧರಾದರೇ? ಡ್ರಾಫ್ಟ್‌ನಲ್ಲಿ ಹಿಂದಿನವರ ಸರದಿಯಲ್ಲೇ ಕುಳಿತರೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಅದೇ ತಂಡ, ಎರಡು ಪ್ರಶಸ್ತಿಗಳೂ ಅದರವೇ. ಹಾಗಲ್ಲದೆ ಹಳೆಯ ತಂಡವನ್ನು ವಿಸರ್ಜಿಸಿ, ಆಟಗಾರರನ್ನೆಲ್ಲ ಬಿಡುಗಡೆ ಮಾಡಿ, ಖಾಲಿ ಜಾಗಕ್ಕೆ ಹೊಸಬರನ್ನು ಕರೆದಿದ್ದರೆ ಮಾತ್ರ ಚರಿತ್ರೆ ಹೊಸದಾಗಿ ಆರಂಭವಾಗುತ್ತದೆ.

ಬೇಸ್‌ಬಾಲ್‌ನ ಹುಟ್ಟೂರಿನಲ್ಲಿಯೂ ಈ ಜಿಜ್ಞಾಸೆ ಹಳೆಯದು, ಅಲ್ಲಿನವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂಬುದು ಗೌರವ ಹುಟ್ಟಿಸುವಂಥದ್ದು. ವಾಷಿಂಗ್ಟನ್ ಸೆನೆಟರ್ಸ್ ತಂಡ 1924ರಲ್ಲಿ ವರ್ಷದ ಅಂತಿಮ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 1961ರಲ್ಲಿ ಆ ತಂಡ ಮಿನ್ನೆಸೊಟಾಕ್ಕೆ ಹೋಗಿ ಟ್ವಿನ್ಸ್ ಆಯಿತು, ಆ ಪ್ರಶಸ್ತಿಯೂ ಅದರೊಂದಿಗೇ ಹೋಯಿತು. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ಅದೇ ಹೆಸರಿನ ಇನ್ನೊಂದು ತಂಡ ಹುಟ್ಟಿತು. 1972ರಲ್ಲಿ ಅದು ಟೆಕ್ಸಸ್ ರೇಂಜರ್ಸ್ ಆಗಿ ಊರು ಬಿಟ್ಟಿತು. ಈಗ ವಾಷಿಂಗ್ಟನ್‌ನಲ್ಲಿರುವ ನ್ಯಾಷನಲ್ಸ್ 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದ ಎಕ್ಸ್‌ಪೋಸ್ ತಂಡ. ಒಂದೇ ಊರಿನ ಮೂರು ತಂಡಗಳಿಗೆ ಮೂರು ಬೇರೆ ಬೇರೆ ವಂಶಾವಳಿ. ಊರಾಗಲಿ ಹೆಸರಾಗಲಿ ತಂಡದ ಗುರುತನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದಕ್ಕೆ ಅಪವಾದವೂ ಇದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಮಾಲೀಕ ಆರ್ಟ್ ಮೊಡೆಲ್ 1996ರಲ್ಲಿ ತಮ್ಮ ತಂಡವನ್ನು ಬಾಲ್ಟಿಮೋರ್‌ಗೆ ಕರೆದೊಯ್ದಾಗ, ಹೆಸರು, ಬಣ್ಣ, ದಾಖಲೆಗಳೆಲ್ಲ ಕ್ಲೀವ್‌ಲ್ಯಾಂಡ್‌ನಲ್ಲೇ ಉಳಿಯಬೇಕೆಂದು ಒಪ್ಪಂದವಾಯಿತು. ಆಟಗಾರರು ಹೋದರು, ಚರಿತ್ರೆ ಉಳಿಯಿತು, 1999ರಲ್ಲಿ ಹೊಸ ಬ್ರೌನ್ಸ್ ತಂಡ ಅದನ್ನು ಮುಂದುವರಿಸಿತು. ಅಂದರೆ ಲೀಗಿನ ಸದಸ್ಯರು ಮೊದಲೇ ಕೂತು ಲಿಖಿತವಾಗಿ ಒಪ್ಪಿಕೊಂಡರೆ ಬೇರೆ ಏರ್ಪಾಡೂ ಸಾಧ್ಯ. ನಿಮ್ಮಲ್ಲಿ ಅಂಥ ಒಪ್ಪಂದ ಆಗಿಲ್ಲದ ಕಾರಣ ಸಾಮಾನ್ಯ ನಿಯಮವೇ ಅನ್ವಯಿಸಬೇಕು.

ಕಮಿಷನರ್ ನೋಡಿಕೊಂಡ ವಾರಗಳನ್ನೂ ದಾಖಲೆಯಿಂದ ಬಿಡಬೇಡಿ. ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡವನ್ನು 2002ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ಕೊಂಡು, ಉಳಿದ ತಂಡಗಳೆಲ್ಲ ಜಂಟಿಯಾಗಿ ಅದರ ಒಡೆಯರಾಗಿದ್ದವು. ತಂಡ ವಾಷಿಂಗ್ಟನ್‌ಗೆ ಹೋದ ಮೇಲೂ ಆ ಸ್ಥಿತಿಯೇ ಇದ್ದು, 2006ರಲ್ಲಿ ಲರ್ನರ್ ಕುಟುಂಬಕ್ಕೆ ಮಾರಾಟವಾಯಿತು. ಎದುರಾಳಿಗಳೇ ಒಡೆಯರಾಗಿದ್ದ ಆ ವರ್ಷಗಳು ಸುಖಕರವಾಗಿರಲಿಲ್ಲವಾದರೂ ಅವು ತಂಡದ ಮಾಲೀಕತ್ವದ ಚರಿತ್ರೆಯ ಅಧಿಕೃತ ಭಾಗವೇ. ನಿಮ್ಮ ಪುಸ್ತಕದಲ್ಲಿ ಎರಡನೆಯ ಮತ್ತು ಮೂರನೆಯ ಮಾಲೀಕರ ನಡುವೆ “ಕಮಿಷನರ್ ಉಸ್ತುವಾರಿ” ಎಂದು ಒಂದು ಸಾಲು, ಆ ಅವಧಿಯಲ್ಲಿ ಮಾಡಿದ ಬದಲಾವಣೆಗಳ ಪಟ್ಟಿ ಇರಲಿ. ನಡುವೆ ಬಿಟ್ಟುಹೋದವರ ಹೆಸರನ್ನೂ ತೆಗೆಯಬೇಡಿ. ಬಿಟ್ಟದ್ದಕ್ಕೆ ಕಾರಣವನ್ನು ಬರೆಯುವ ಅಗತ್ಯವಿಲ್ಲ, ದಿನಾಂಕ ಸಾಕು.

ಪ್ರಶ್ನೆ: ಇಂಥ ಕಲ್ಪಿತ ತಂಡಗಳಿಗೆ “ಮಾಲೀಕ” ಎಂಬ ಸ್ಥಾನವನ್ನು ಮೊದಲು ಕೊಟ್ಟವರು ಯಾರು? (ಮಲ್ಲೇಶ್ವರದ ಓದುಗರು)

ಉತ್ತರ: ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞರು 1960ರಲ್ಲಿ ಬಾಸ್ಟನ್‌ನಲ್ಲಿ ಗೆಳೆಯರೊಂದಿಗೆ “ಬೇಸ್‌ಬಾಲ್ ಸೆಮಿನಾರ್” ಎಂಬ ಹೆಸರಿನಲ್ಲಿ ಇಂಥದ್ದೊಂದು ಆಟವನ್ನು ಆರಂಭಿಸಿದರು. ಅವರು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆಟವೂ ಅಲ್ಲಿಗೆ ಹೋಯಿತು. ಅಲ್ಲಿನ ಪ್ರಾಧ್ಯಾಪಕ ರಾಬರ್ಟ್ ಸ್ಕ್ಲಾರ್ ಅವರಿಂದ ಡೇನಿಯಲ್ ಓಕ್ರೆಂಟ್ ಎಂಬ ವಿದ್ಯಾರ್ಥಿಗೆ ಅದರ ವಿಷಯ ತಿಳಿಯಿತು. ಮುಂದೆ ಪತ್ರಕರ್ತ ಹಾಗೂ ಸಂಪಾದಕರಾದ ಓಕ್ರೆಂಟ್ 1980ರ ಋತುವಿಗೆ ನ್ಯೂಯಾರ್ಕ್‌ನ ಗೆಳೆಯರನ್ನು ಸೇರಿಸಿ, ಹರಾಜಿನ ಮೂಲಕ ತಂಡ ಕಟ್ಟುವ ಪೂರ್ಣರೂಪದ ನಿಯಮಾವಳಿಯನ್ನು ರೂಪಿಸಿದರು. ಅವರು ಊಟಕ್ಕೆ ಸೇರುತ್ತಿದ್ದ “ಲಾ ರೋಟಿಸರಿ ಫ್ರಾಂಸೇಸ್” ಎಂಬ ಹೋಟೆಲಿನಿಂದಲೇ ಆಟಕ್ಕೆ ರೋಟಿಸರಿ ಎಂಬ ಹೆಸರು ಬಂದದ್ದು.

ಓಕ್ರೆಂಟ್ ಮಾಡಿದ ಮುಖ್ಯ ಬದಲಾವಣೆ ಮಾಲೀಕತ್ವಕ್ಕೆ ಸಂಬಂಧಿಸಿದ್ದು. ಗ್ಯಾಮ್ಸನ್‌ರ ಆಟದಲ್ಲಿ ಋತುವಿನ ಆರಂಭದಲ್ಲಿ ಆಟಗಾರರನ್ನು ಆಯ್ದರೆ ಬಹುಪಾಲು ಕೆಲಸ ಮುಗಿದಂತೆ. ಓಕ್ರೆಂಟ್‌ರ ಲೀಗಿನಲ್ಲಿ ಋತುವಿನುದ್ದಕ್ಕೂ ಟ್ರೇಡ್ ಮಾಡಬೇಕು, ಗಾಯಗೊಂಡವರ ಜಾಗ ತುಂಬಬೇಕು, ಮುಂದಿನ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳಬೇಕೆಂದು ಲೆಕ್ಕ ಹಾಕಬೇಕು. ಮುಂದೆ ರೂಢಿಗೆ ಬಂದ ನಿಯಮದ ಪ್ರಕಾರ 23 ಆಟಗಾರರಿಗೆ 260 ಡಾಲರ್‌ಗಳ ಮಿತಿ. ಕೊಂಡ ಆಟಗಾರನನ್ನು ಎರಡನೆಯ ವರ್ಷ ಅದೇ ಬೆಲೆಗೆ ಇಟ್ಟುಕೊಳ್ಳಬಹುದು. ಮೂರನೆಯ ವರ್ಷಕ್ಕೆ ಮುನ್ನ ಅವನನ್ನು ಬಿಡಬೇಕು, ಇಲ್ಲವೇ ಕೊನೆಯ ಒಂದು ವರ್ಷಕ್ಕೆ ಇಟ್ಟುಕೊಳ್ಳಬೇಕು, ಇಲ್ಲವೇ ವರ್ಷಕ್ಕೆ 5 ಡಾಲರ್‌ನಂತೆ ಬೆಲೆ ಏರಿಸಿ ದೀರ್ಘಾವಧಿ ಕರಾರು ಮಾಡಿಕೊಳ್ಳಬೇಕು. ಈ ಕರಾರಿನ ನಿಯಮದಿಂದಾಗಿಯೇ ತಂಡಕ್ಕೆ ಒಂದು ಋತುವಿಗಿಂತ ದೀರ್ಘವಾದ ಆಯುಷ್ಯ ಸಿಕ್ಕಿತು, ಹೊಸ ಮಾಲೀಕರಿಗೆ ವಹಿಸಿಕೊಡಬಹುದಾದ ಆಸ್ತಿಯೂ ಉಂಟಾಯಿತು. ಬೌಲರ್‌ಗೆ ಸಮನಾದ ಪಿಚರ್ ಪ್ರತಿ ಇನಿಂಗ್ಸಿಗೆ ಎಷ್ಟು ಮಂದಿಯನ್ನು ಬೇಸ್‌ಗೆ ಬಿಡುತ್ತಾನೆಂಬ “ವಿಪ್” ಲೆಕ್ಕವೂ ಓಕ್ರೆಂಟ್‌ರ ಕೊಡುಗೆ. ಇಂದು ನಿಜವಾದ ಬೇಸ್‌ಬಾಲ್ ಪ್ರಸಾರದಲ್ಲಿಯೂ ಅದನ್ನು ತೋರಿಸುತ್ತಾರೆ. ಆಟವನ್ನು ಸೃಷ್ಟಿಸಿದ ಓಕ್ರೆಂಟ್ ತಮ್ಮ ಆ ಮೂಲ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ. ಪ್ರಶಸ್ತಿಗಳ ಪಟ್ಟಿಯನ್ನು ಮಾತ್ರ ಇಟ್ಟುಕೊಂಡು ಮಾಲೀಕರ ಪಟ್ಟಿಯನ್ನು ಬಿಟ್ಟರೆ ಏನನ್ನು ಕಳೆದುಕೊಳ್ಳುತ್ತೇವೆಂಬುದು ಅವರ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ.

ಪ್ರಶ್ನೆ: ನಾನು ವಹಿಸಿಕೊಂಡ ತಂಡದ ಹಿಂದಿನ ಮಾಲೀಕರು ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಸರದಿಗಳನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದಾರೆ. ನಾನು ಮಾಡದ ಟ್ರೇಡ್‌ಗೆ ನಾನೇಕೆ ಬದ್ಧನಾಗಬೇಕು? (ವಿಜಯನಗರದ ಓದುಗರು)

ಉತ್ತರ: ಬದ್ಧರಾಗಲೇಬೇಕು. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಆ ಸರದಿಗಳಿಗೆ ಬದಲಾಗಿ ಇನ್ನೊಂದು ತಂಡ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟಿದೆ. ಅವರ ತಪ್ಪಿಲ್ಲದೆ ಅವರಿಗೆ ನಷ್ಟವಾಗಬಾರದು.

ಬೆಂಗಳೂರಿನಲ್ಲಿ ಸೈಟು ಕೊಳ್ಳುವವರು ಮೂಲಪತ್ರದಿಂದ ಹಿಡಿದು ಇಂದಿನ ಮಾರಾಟಗಾರರವರೆಗಿನ ಕ್ರಯಪತ್ರಗಳನ್ನೆಲ್ಲ ತರಿಸಿ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಖಾತೆ ಯಾರ ಹೆಸರಿನಲ್ಲಿದೆಯೆಂದು ವಿಚಾರಿಸುತ್ತಾರೆ. ಹಿಂದಿನವರು ಸೈಟನ್ನು ಅಡವಿಟ್ಟಿದ್ದರೆ, ಕೊಂಡವರು ತಾವು ಸಾಲ ಮಾಡಿಲ್ಲವೆಂದು ಹೇಳಿ ಪಾರಾಗಲು ಆಗುವುದಿಲ್ಲ. ಫ್ಯಾಂಟಸಿ ತಂಡವನ್ನು ವಹಿಸಿಕೊಳ್ಳುವವರೂ ಅದೇ ಎಚ್ಚರದಿಂದ, ಉಳಿದಿರುವ ಕರಾರುಗಳು, ಕೊಟ್ಟುಹೋದ ಸರದಿಗಳು, ಬರಬೇಕಾದ ಆಟಗಾರರು ಎಂಬ ಮೂರನ್ನೂ ಒಪ್ಪಿಕೊಳ್ಳುವ ಮೊದಲೇ ಕಮಿಷನರ್‌ರಿಂದ ಬರವಣಿಗೆಯಲ್ಲಿ ಪಡೆಯಬೇಕು.

ನಿಜವಾದ ಬೇಸ್‌ಬಾಲ್‌ನಲ್ಲಿ ಡ್ರಾಫ್ಟ್ ಸರದಿಗಳನ್ನು ಸಾಮಾನ್ಯವಾಗಿ ಟ್ರೇಡ್ ಮಾಡುವಂತಿಲ್ಲ, ಆದರೆ ಹಿಂದಿನವರ ಹೊಣೆಯನ್ನು ಮುಂದಿನವರು ಹೊರುವುದಕ್ಕೆ ಅಲ್ಲೊಂದು ಪ್ರಸಿದ್ಧ ನಿದರ್ಶನವಿದೆ. ನ್ಯೂಯಾರ್ಕ್ ಮೆಟ್ಸ್ ತಂಡ 2000ದಲ್ಲಿ ಬಾಬಿ ಬೊನಿಲಾ ಎಂಬ ಆಟಗಾರನನ್ನು ಬಿಡುವಾಗ, ಕೊಡಬೇಕಿದ್ದ ಸುಮಾರು 59 ಲಕ್ಷ ಡಾಲರ್‌ಗಳನ್ನು ಅಂದೇ ಕೊಡದೆ, ಶೇಕಡಾ 8ರ ಬಡ್ಡಿಯೊಂದಿಗೆ ಕಂತುಗಳಲ್ಲಿ ಕೊಡಲು ಒಪ್ಪಿತು. 2011ರಿಂದ ಆರಂಭವಾಗಿ 2035ರವರೆಗೆ ಪ್ರತಿ ಜುಲೈ 1ರಂದು ಅವರಿಗೆ ಸುಮಾರು 11.9 ಲಕ್ಷ ಡಾಲರ್ ಸಲ್ಲಬೇಕು. 2020ರಲ್ಲಿ ಸ್ಟೀವ್ ಕೋಹೆನ್ ಸುಮಾರು 240 ಕೋಟಿ ಡಾಲರ್ ಮೌಲ್ಯಕ್ಕೆ ತಂಡವನ್ನು ಕೊಂಡರು. ಬೊನಿಲಾ ಆಟ ನಿಲ್ಲಿಸಿ ಅಷ್ಟರಲ್ಲಿ ಹತ್ತೊಂಬತ್ತು ವರ್ಷಗಳಾಗಿದ್ದವು. ಕೋಹೆನ್ ಆ ಕರಾರಿಗೆ ಸಹಿ ಮಾಡಿದವರಲ್ಲ, ಆದರೂ ಕಂತು ನಿಂತಿಲ್ಲ.

ನಿಮ್ಮ ಕಷ್ಟಕ್ಕೆ ಪರಿಹಾರ ಬೇಕಿದ್ದರೆ ಅದನ್ನು ಲೀಗಿನಿಂದ ಕೇಳಿ, ಆ ಇನ್ನೊಂದು ತಂಡದಿಂದಲ್ಲ. ಬರಿದಾದ ತಂಡವನ್ನು ವಹಿಸಿಕೊಳ್ಳುವವರಿಗೆ ಒಬ್ಬ ಹೆಚ್ಚುವರಿ ಆಟಗಾರನನ್ನು ಉಳಿಸಿಕೊಳ್ಳುವ ಅವಕಾಶ ಅಥವಾ ಕೊನೆಯ ಸುತ್ತಿನ ನಂತರ ಎರಡು ಹೆಚ್ಚುವರಿ ಆಯ್ಕೆ ಕೊಡುವುದು ನ್ಯಾಯವಾದ ಕ್ರಮ. ಹಾಗೆಯೇ, ಬಿಟ್ಟುಹೋಗುವವರು ಭವಿಷ್ಯವನ್ನೆಲ್ಲ ಮಾರಿ ಹೋಗದಂತೆ, ಮುಂದಿನ ವರ್ಷದ ಸರದಿಯನ್ನು ಕೊಡುವವರು ಮುಂದಿನ ವರ್ಷವೂ ಆಡುವುದಾಗಿ ಖಚಿತಪಡಿಸಬೇಕೆಂಬ ನಿಯಮವನ್ನು ನಿಮ್ಮ ಲೀಗ್ ಈ ವರ್ಷವೇ ಸೇರಿಸಿಕೊಳ್ಳಲಿ.

ಪ್ರಶ್ನೆ: ನಾನು ಮತ್ತು ನನ್ನ ಭಾವಮೈದ ಸೇರಿ ಒಂದು ತಂಡ ನಡೆಸುತ್ತಿದ್ದೆವು. ಆಟಗಾರರ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಬೆಳೆದು ಅವರು ಹೊರಹೋಗಲು ನಿರ್ಧರಿಸಿದ್ದಾರೆ. ಜಂಟಿಯಾಗಿದ್ದ ವರ್ಷಗಳನ್ನು ಹೇಗೆ ದಾಖಲಿಸಬೇಕು? (ಜಯನಗರದ ಓದುಗರು)

ಉತ್ತರ: ಜಂಟಿಯಾಗಿಯೇ ದಾಖಲಿಸಿ. ಯಾವ ಆಯ್ಕೆ ಯಾರದೆಂದು ಈಗ ಪಾಲು ಹಾಕಲು ಹೋಗಬೇಡಿ.

ನ್ಯೂಯಾರ್ಕ್ ಯಾಂಕೀಸ್ ತಂಡದ ಚರಿತ್ರೆಯನ್ನು ನಿಮ್ಮಿಬ್ಬರಿಗೂ ಹೇಳಬೇಕೆನಿಸುತ್ತದೆ. 1903ರಲ್ಲಿ ಫ್ರ್ಯಾಂಕ್ ಫ್ಯಾರೆಲ್ ಮತ್ತು ಬಿಲ್ ಡೆವೆರಿ 18,000 ಡಾಲರ್‌ಗೆ ಪಡೆದ ತಂಡವನ್ನು 1915ರಲ್ಲಿ ಬಿಯರ್ ತಯಾರಕ ಜೇಕಬ್ ರುಪರ್ಟ್ ಮತ್ತು ಎಂಜಿನಿಯರ್ ಟಿಲಿಂಗಾಸ್ಟ್ ಹ್ಯೂಸ್ಟನ್ ಜಂಟಿಯಾಗಿ ಸುಮಾರು 4.6 ಲಕ್ಷ ಡಾಲರ್‌ಗೆ ಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹ್ಯೂಸ್ಟನ್ ಫ್ರಾನ್ಸ್‌ನಲ್ಲಿದ್ದಾಗ, ರುಪರ್ಟ್ ಮಿಲ್ಲರ್ ಹಗ್ಗಿನ್ಸ್‌ರನ್ನು ತಂಡದ ಮ್ಯಾನೇಜರ್ ಆಗಿ ನೇಮಿಸಿದರು. ಹ್ಯೂಸ್ಟನ್‌ಗೆ ಆ ಆಯ್ಕೆ ಒಪ್ಪಿಗೆಯಿರಲಿಲ್ಲ, ಅಲ್ಲಿಂದ ಬಿದ್ದ ಬಿರುಕು ಮುಚ್ಚಲಿಲ್ಲ. ಆದರೂ ಅವರಿಬ್ಬರ ಜಂಟಿ ಅವಧಿಯಲ್ಲೇ ಬಾಸ್ಟನ್‌ನಿಂದ ಬೇಬ್ ರೂತ್‌ರನ್ನು 1 ಲಕ್ಷ ಡಾಲರ್‌ಗೆ ಕೊಂಡದ್ದು, ಯಾಂಕೀ ಕ್ರೀಡಾಂಗಣ ಕಟ್ಟಿದ್ದು. 1923ರಲ್ಲಿ ರುಪರ್ಟ್ ಪಾಲುದಾರರ ಭಾಗವನ್ನು ಕೊಂಡುಕೊಂಡರು. ತಂಡ ತನ್ನ ಮೊದಲ ವರ್ಲ್ಡ್ ಸೀರೀಸ್ ಗೆದ್ದದ್ದು ಅದೇ ವರ್ಷ. ಹ್ಯೂಸ್ಟನ್ ಹೋದ ಮೇಲೆ ಪ್ರಶಸ್ತಿ ಬಂದಿತೆಂದು ಅವರ ಎಂಟು ವರ್ಷಗಳನ್ನು ಯಾವ ಚರಿತ್ರಕಾರರೂ ಅಳಿಸಿಲ್ಲ.

ಇದೇ ತಂಡದ ಹುಟ್ಟಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. 1901 ಮತ್ತು 1902ರಲ್ಲಿ ಬಾಲ್ಟಿಮೋರ್‌ನಲ್ಲಿದ್ದ ಓರಿಯೊಲ್ಸ್ ತಂಡದ ಮುಂದುವರಿಕೆಯೇ ಯಾಂಕೀಸ್ ಎಂದು ಬಹುಕಾಲ ಬರೆಯಲಾಗುತ್ತಿತ್ತು. 1902ರಲ್ಲಿ ಆ ತಂಡದ ಬಹುಪಾಲು ಷೇರು ಪ್ರತಿಸ್ಪರ್ಧಿ ಲೀಗಿನವರ ಕೈಸೇರಿ, ಆಟಗಾರರು ಚದುರಿಹೋಗಿ, ಉಳಿದದ್ದನ್ನು ಆ ತಂಡ ಆಡುತ್ತಿದ್ದ ಅಮೆರಿಕನ್ ಲೀಗ್ ವಶಕ್ಕೆ ತೆಗೆದುಕೊಂಡಿತ್ತು. ನ್ಯೂಯಾರ್ಕ್ ತಂಡವನ್ನು ಹೊಸ ಮಾಲೀಕರಿಗೆ ಹೊಸದಾಗಿಯೇ ಕೊಡಲಾಯಿತು. ಈ ಕಾರಣಗಳನ್ನು ಪರಿಶೀಲಿಸಿ, ಬೇಸ್‌ಬಾಲ್ ರೆಫರೆನ್ಸ್ ಎಂಬ ಪ್ರಮುಖ ಅಂಕಿಅಂಶ ಸಂಸ್ಥೆ 2014ರಲ್ಲಿ ಆ ಎರಡು ವರ್ಷಗಳನ್ನು ಯಾಂಕೀಸ್ ಲೆಕ್ಕದಿಂದ ಬೇರ್ಪಡಿಸಿತು. ಶತಮಾನ ಕಳೆದ ಮೇಲೂ ಸರಿಯಾದ ದಾಖಲೆಗಾಗಿ ಮರುಪರಿಶೀಲನೆ ಮಾಡುವ ಈ ಶ್ರದ್ಧೆಯನ್ನು ನಮ್ಮ ಸಣ್ಣ ಲೀಗುಗಳೂ ರೂಢಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಭಾವಮೈದರಿಗೆ ಲೀಗಿನಲ್ಲಿ ಮುಂದೆ ಖಾಲಿಯಾಗುವ ಮೊದಲ ತಂಡವನ್ನು ಪಡೆಯುವ ಹಕ್ಕನ್ನು ಕೊಡಿಸಿ. ಮನೆಯೊಳಗಿನ ಸಂಬಂಧಕ್ಕೂ ಅದು ಒಳ್ಳೆಯದು.

ಪ್ರಶ್ನೆ: ನಮ್ಮ ಅಣ್ಣ ಹತ್ತು ವರ್ಷ ಪ್ರೀತಿಯಿಂದ ನಡೆಸಿದ ತಂಡವಿದು. ಅವರು ಕಳೆದ ವರ್ಷ ತೀರಿಕೊಂಡರು. ಗೌರವಾರ್ಥವಾಗಿ ತಂಡವನ್ನು ಶಾಶ್ವತವಾಗಿ ಮುಚ್ಚೋಣವೆಂದು ಅವರ ಗೆಳೆಯರು ಹೇಳುತ್ತಿದ್ದಾರೆ. ನನಗೆ ಅದನ್ನು ಮುಂದುವರಿಸುವ ಮನಸ್ಸಿದೆ. ಯಾವುದು ಸರಿ? (ರಾಜಾಜಿನಗರದ ಓದುಗರು)

ಉತ್ತರ: ನಿಮ್ಮ ಅಣ್ಣನವರ ಅಗಲಿಕೆಗೆ ಈ ಅಂಕಣದ ಪರವಾಗಿ ಸಂತಾಪಗಳು. ಮುಂದುವರಿಸುವುದೇ ಸರಿಯೆಂದು ನಾನು ದೃಢವಾಗಿ ನಂಬಿದ್ದೇನೆ.

ಹಿಂದಿನ ಉತ್ತರದಲ್ಲಿ ಹೇಳಿದ ಜೇಕಬ್ ರುಪರ್ಟ್ 1939ರ ಜನವರಿಯಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯ ಆಡಳಿತ ನೋಡಿಕೊಳ್ಳುತ್ತಿದ್ದವರು ಉತ್ತರಾಧಿಕಾರಿಗಳ ಪರವಾಗಿ ಯಾಂಕೀಸ್ ತಂಡವನ್ನು 1945ರವರೆಗೆ ನಡೆಸಿದರು. ಆ ಅವಧಿಯಲ್ಲಿ 1939, 1941 ಮತ್ತು 1943ರ ವರ್ಲ್ಡ್ ಸೀರೀಸ್ ಪ್ರಶಸ್ತಿಗಳು ತಂಡಕ್ಕೆ ಬಂದವು. ರುಪರ್ಟ್ ಕಟ್ಟಿದ ವ್ಯವಸ್ಥೆ, ಅವರು ನೇಮಿಸಿದ ಜನ, ಅವರ ಕಾಲದಲ್ಲಿ ಬೆಳೆದ ಆಟಗಾರರು ಆ ಗೆಲುವುಗಳ ಹಿಂದೆ ಇದ್ದರು. ತಂಡವನ್ನು ಅಂದೇ ನಿಲ್ಲಿಸಿದ್ದರೆ ಅವರ ಕೆಲಸದ ಫಲ ಕಾಣುತ್ತಲೇ ಇರಲಿಲ್ಲ. ನಿಮ್ಮ ಅಣ್ಣ ಆರಿಸಿದ ಆಟಗಾರರು ಈಗಲೂ ಪಟ್ಟಿಯಲ್ಲಿದ್ದಾರೆ. ಅವರು ಕೊನೆಯದಾಗಿ ಉಳಿಸಿಕೊಂಡ ಯುವ ಆಟಗಾರ ಮೂರು ವರ್ಷಗಳ ನಂತರ ನಲವತ್ತು ಹೋಂ ರನ್ ಹೊಡೆದರೆ, ಆ ಆಯ್ಕೆ ನಿಮ್ಮ ಅಣ್ಣನದೆಂದು ಹೇಳಲು ತಂಡ ಇರಬೇಕಲ್ಲವೇ?

ಗೆಳೆಯರ ಭಾವನೆಗೂ ಬೆಲೆ ಕೊಡಬೇಕು. ಯಾಂಕೀಸ್ ತಂಡವು 1939ರಲ್ಲಿ ಲೂ ಗೆರಿಗ್ ಅವರ 4ನೇ ಸಂಖ್ಯೆಯ ಅಂಗಿಯನ್ನು ಮುಂದೆ ಯಾರಿಗೂ ಕೊಡದೆ ನಿವೃತ್ತಿಗೊಳಿಸಿತು. ಬೇಸ್‌ಬಾಲ್‌ನಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. 1997ರಲ್ಲಿ ಜಾಕಿ ರಾಬಿನ್ಸನ್ ಅವರ 42ನೇ ಸಂಖ್ಯೆಯನ್ನು ಎಲ್ಲ ತಂಡಗಳಲ್ಲೂ ನಿವೃತ್ತಿಗೊಳಿಸಲಾಯಿತು. ಸಂಖ್ಯೆ ನಿಂತಿತು, ತಂಡ ಆಡುತ್ತಲೇ ಇದೆ. ಅದೇ ರೀತಿ ಅಣ್ಣ ಇಟ್ಟ ತಂಡದ ಹೆಸರನ್ನು ಬದಲಿಸಬಾರದೆಂಬ ನಿಯಮವನ್ನು ಲೀಗ್ ಒಪ್ಪಿಕೊಳ್ಳಲಿ, ಮಾಲೀಕರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ “ಸ್ಥಾಪಕರು” ಎಂದಿರಲಿ, ಅದರ ಕೆಳಗೆ ನಿಮ್ಮ ಹೆಸರು ಬರಲಿ.

ಪ್ರಶ್ನೆ: ಒಳ್ಳೆಯ ಆಟಗಾರರಿರುವ ಫ್ಯಾಂಟಸಿ ತಂಡವನ್ನು ಹಣಕ್ಕೆ ಮಾರಬಹುದೇ? ನಮ್ಮ ಲೀಗಿನಲ್ಲಿ ಪ್ರವೇಶ ಶುಲ್ಕ ಸಂಗ್ರಹಿಸಿ ಗೆದ್ದವರಿಗೆ ಕೊಡುವ ಯೋಚನೆಯೂ ಇದೆ. (ಎಚ್‌ಎಸ್‌ಆರ್ ಬಡಾವಣೆಯ ಓದುಗರು)

ಉತ್ತರ: ಎರಡನ್ನೂ ಮಾಡಬೇಡಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೇ ಅದೃಷ್ಟದವೇ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಡ್ರೀಮ್ ಇಲೆವೆನ್‌ನಂಥ ದೊಡ್ಡ ಸಂಸ್ಥೆ ಹಣದ ಸ್ಪರ್ಧೆಗಳನ್ನು ನಿಲ್ಲಿಸಿದ್ದು ಇದರಿಂದಲೇ. ನಿಮ್ಮ ಲೀಗಿಗೆ ಕಾಯ್ದೆ ಹೇಗೆ ಅನ್ವಯಿಸುತ್ತದೆಂದು ಖಚಿತವಾಗಿ ತಿಳಿಯಬೇಕಾದರೆ ವಕೀಲರನ್ನು ಕೇಳಿ. ಹಣವಿಲ್ಲದೆ ಆಡುವುದೇ ನನ್ನ ಸಲಹೆ.

ಇನ್ನು ಮಾರಾಟ. ಫ್ಯಾಂಟಸಿ ಮಾಲೀಕರ ಕೈಯಲ್ಲಿ ಮಾರಲು ನಿಜವಾಗಿ ಏನೂ ಇರುವುದಿಲ್ಲ. ಆಟಗಾರರು ಅವರ ನೌಕರರಲ್ಲ. ಆಟಗಾರರ ಹೆಸರು ಮತ್ತು ಅಂಕಿಅಂಶಗಳು ಸಾರ್ವಜನಿಕರೆಲ್ಲರಿಗೂ ಲಭ್ಯವಿರುವ ಮಾಹಿತಿಯಾದ್ದರಿಂದ, ಫ್ಯಾಂಟಸಿ ಆಟಕ್ಕೆ ಅವನ್ನು ಬಳಸಲು ಲೈಸೆನ್ಸ್ ಬೇಕಿಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2007ರಲ್ಲಿ ತೀರ್ಪು ಕೊಟ್ಟಿದೆ. ಯಾರ ಸ್ವತ್ತೂ ಅಲ್ಲದ್ದರಿಂದ ಕಟ್ಟಿದ ತಂಡದಲ್ಲಿ ಮಾಲೀಕರದೆಂದು ಹೇಳಬಹುದಾದದ್ದು ಅವರು ಮಾಡಿದ ತೀರ್ಮಾನಗಳು ಮಾತ್ರ: ಯಾರನ್ನು ಯಾವಾಗ ಕೊಂಡರು, ಯಾರನ್ನು ಬಿಟ್ಟುಕೊಟ್ಟರು, ಯಾರ ಮೇಲೆ ನಂಬಿಕೆಯಿಟ್ಟು ಮೂರು ವರ್ಷ ಕಾದರು. ಮಾಲೀಕತ್ವದ ಚರಿತ್ರೆಯನ್ನು ಜೋಪಾನ ಮಾಡಬೇಕೆಂದು ಈ ಅಂಕಣದುದ್ದಕ್ಕೂ ಹೇಳುತ್ತಿರುವುದು ಅದಕ್ಕಾಗಿಯೇ. ಯಾಂಕೀಸ್ ತಂಡದ ಶೇಕಡಾ 80ರಷ್ಟು ಪಾಲನ್ನು ಸಿಬಿಎಸ್ ಸಂಸ್ಥೆ 1964ರಲ್ಲಿ 1.12 ಕೋಟಿ ಡಾಲರ್‌ಗೆ ಕೊಂಡು, 1973ರಲ್ಲಿ ಇಡೀ ತಂಡವನ್ನು ಜಾರ್ಜ್ ಸ್ಟೈನ್‌ಬ್ರೆನರ್ ನೇತೃತ್ವದ ಗುಂಪಿಗೆ ಸುಮಾರು 1 ಕೋಟಿ ಡಾಲರ್‌ಗೆ ಮಾರಿತು. ವಿಜಯ್ ಮಲ್ಯ ಅವರ ಯುಬಿ ಸಮೂಹ 2008ರಲ್ಲಿ 11.16 ಕೋಟಿ ಡಾಲರ್‌ಗೆ ಪಡೆದ ಬೆಂಗಳೂರು ತಂಡ, ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಮೇಲಿನ ಹಿಡಿತ ಡಿಯಾಜಿಯೊಗೆ ಹೋದಾಗ ಅದರೊಂದಿಗೇ ಹೋಯಿತು. ಅಲ್ಲಿ ಕೈ ಬದಲಾದದ್ದಕ್ಕೆ ಲೆಕ್ಕಪತ್ರಗಳೇ ಸಾಕ್ಷಿ. ನಿಮ್ಮಲ್ಲಿ ನೀವೇ ಬರೆದಿಡದಿದ್ದರೆ ಬೇರೆ ಸಾಕ್ಷಿಯಿಲ್ಲ.

ಪ್ರಶ್ನೆ: ತಂಡವನ್ನು ಹೊಸಬರಿಗೆ ವಹಿಸಿಕೊಡಲು ಯಾವ ಸಮಯ ಸೂಕ್ತ? (ಯಲಹಂಕದ ಓದುಗರು)

ಉತ್ತರ: ನವೆಂಬರ್‌ನಿಂದ ಜನವರಿಯೊಳಗೆ. ಆಗ ವರ್ಲ್ಡ್ ಸೀರೀಸ್ ಮುಗಿದಿರುತ್ತದೆ, ಯಾರನ್ನು ಉಳಿಸಿಕೊಳ್ಳಬೇಕೆಂಬ ಗಡುವಿಗೆ ಸಮಯವಿರುತ್ತದೆ, ಹೊಸ ಮಾಲೀಕರು ತಮ್ಮ ತೀರ್ಮಾನಗಳನ್ನು ತಾವೇ ಮಾಡಬಹುದು. ಋತುವಿನ ನಡುವೆ ವಹಿಸಿಕೊಡುವುದು ಅನಿವಾರ್ಯವಾದರೆ ಸೋಮವಾರ ಮಾಡಿ, ಏಕೆಂದರೆ ಹೆಚ್ಚಿನ ಲೀಗುಗಳಲ್ಲಿ ವಾರದ ಲೆಕ್ಕ ಅಂದೇ ಹೊಸದಾಗಿ ಆರಂಭವಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಸಂಜೆ 7 ಗಂಟೆ 5 ನಿಮಿಷಕ್ಕೆ ಆರಂಭವಾಗುವ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ ಬರುತ್ತದೆ. ಬೆಂಗಳೂರಿನಲ್ಲಿರುವವರು ಆಡುವವರ ಪಟ್ಟಿಯನ್ನು ಹಿಂದಿನ ರಾತ್ರಿ ಮಲಗುವ ಮುನ್ನವೇ ಹೊಂದಿಸಬೇಕೆಂದು ಹೊಸಬರಿಗೆ ಮೊದಲ ದಿನವೇ ತಿಳಿಸಿ. ವಹಿಸಿಕೊಟ್ಟ ದಿನಾಂಕ, ಆ ದಿನ ತಂಡದಲ್ಲಿದ್ದ ಆಟಗಾರರು, ಬಾಕಿಯಿರುವ ಕರಾರುಗಳು ಮತ್ತು ಟ್ರೇಡ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯವರು, ಹೊಸಬರು, ಕಮಿಷನರ್ ಮೂವರೂ ಸಹಿ ಮಾಡಿ, ಅದರ ಪ್ರತಿಯನ್ನು ಲೀಗಿನ ಎಲ್ಲ ಮಾಲೀಕರಿಗೂ ಕಳುಹಿಸಿ.